ಹೋಮಿಯೋಪತಿ: ಮಾನ್ಯತೆ ಇದೆ, ಔಷಧಿ ಕೊಡುವವರಿಗೆ ತರಬೇತಿ ಎಲ್ಲಿದೆ?

ಬೆಂಗಳೂರು: ನಗರದ ಯಾವುದೇ ಬಡಾವಣೆಯ ಮುಖ್ಯರಸ್ತೆಯಲ್ಲಿ ಎರಡು ಬಗೆಯ ಔಷಧಿ ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ಒಂದರ ಗೋಡೆಯ ಮೇಲೆ ನೋಂದಾಯಿತ ಫಾರ್ಮಸಿಸ್ಟ್‌ನ ಪ್ರಮಾಣಪತ್ರ ತೂಗುತ್ತಿರುತ್ತದೆ. ಇನ್ನೊಂದರಲ್ಲಿ ಸಾಲಾಗಿ ಜೋಡಿಸಿದ ಪುಟ್ಟ ಗಾಜಿನ ಸೀಸೆಗಳು, ಅವುಗಳ ಮೇಲೆ ಲ್ಯಾಟಿನ್ ಹೆಸರುಗಳು, ಪಕ್ಕದಲ್ಲಿ ಬಿಳಿಯ ಸಕ್ಕರೆ ಗುಳಿಗೆಗಳ ಡಬ್ಬಗಳು ಇರುತ್ತವೆ. ಎರಡಕ್ಕೂ ಸರಕಾರದ ಪರವಾನಗಿ ಇದೆ. ಆದರೆ ಔಷಧಿಯನ್ನು ಕೈಗೆ ಕೊಡುವ ವ್ಯಕ್ತಿ ಏನು ಓದಿರಬೇಕು ಎಂಬ ಪ್ರಶ್ನೆಗೆ ಕಾನೂನು ನೀಡುವ ಉತ್ತರ ಈ ಎರಡು ಅಂಗಡಿಗಳಿಗೆ ಬೇರೆ ಬೇರೆ.

ಭಾರತದಲ್ಲಿ ಹೋಮಿಯೋಪತಿ ಕಾನೂನುಬದ್ಧ ವೈದ್ಯಪದ್ಧತಿ. ಇದಕ್ಕೆ ಪ್ರತ್ಯೇಕ ಪದವಿ, ಪ್ರತ್ಯೇಕ ಆಯೋಗ, ಪ್ರತ್ಯೇಕ ಔಷಧಿ ಸಂಹಿತೆ ಇವೆ. ಸರಕಾರಿ ಚಿಕಿತ್ಸಾಲಯಗಳಲ್ಲಿ ಸ್ಥಾನವೂ ಇದೆ. ಇದರ ಪರಿಣಾಮದ ಬಗ್ಗೆ ವಿಜ್ಞಾನ ವಲಯದಲ್ಲಿ ಇರುವ ತೀವ್ರ ಆಕ್ಷೇಪ ಎಲ್ಲರಿಗೂ ತಿಳಿದದ್ದೇ. ಆದರೆ ಆ ವಾದ-ವಿವಾದದ ಗದ್ದಲದಲ್ಲಿ, ಔಷಧಿ ವಿತರಿಸುವವರ ತರಬೇತಿ ಎಂಬ ಸರಳ ಪ್ರಶ್ನೆ ದಶಕಗಳಿಂದ ಹಿಂದೆಯೇ ಉಳಿದಿದೆ.

ಹುಟ್ಟು ಮತ್ತು ತತ್ವ

ಹೋಮಿಯೋಪತಿಯ ಪ್ರವರ್ತಕ ಸ್ಯಾಮ್ಯುಯೆಲ್ ಹಾನಿಮನ್. 1755ರ ಏಪ್ರಿಲ್ 10ರಂದು ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಮೈಸನ್‌ನಲ್ಲಿ ಜನಿಸಿದ ಈತ ವೃತ್ತಿಯಿಂದ ವೈದ್ಯ. ರಕ್ತ ತೆಗೆಯುವುದು, ಪಾದರಸ ಕುಡಿಸುವುದು ಮುಂತಾದ ಅಂದಿನ ಕ್ರೂರ ಚಿಕಿತ್ಸಾ ಕ್ರಮಗಳಿಂದ ಬೇಸತ್ತಿದ್ದ ಹಾನಿಮನ್, ಮಲೇರಿಯಾಕ್ಕೆ ನೀಡುತ್ತಿದ್ದ ಸಿಂಕೋನಾ ತೊಗಟೆಯನ್ನು 1790ರಲ್ಲಿ ತನ್ನ ಮೇಲೆಯೇ ಪ್ರಯೋಗಿಸಿಕೊಂಡ. ಆರೋಗ್ಯವಂತನಲ್ಲಿ ಯಾವ ವಸ್ತು ಯಾವ ಲಕ್ಷಣ ಉಂಟುಮಾಡುತ್ತದೆಯೋ, ಅದೇ ಲಕ್ಷಣವುಳ್ಳ ರೋಗವನ್ನು ಆ ವಸ್ತು ಗುಣಪಡಿಸುತ್ತದೆ ಎಂಬ ನಿಲುವಿಗೆ ಆತ ಬಂದದ್ದು ಈ ಪ್ರಯೋಗದಿಂದ. 1796ರಲ್ಲಿ ಈ ವಿಚಾರ ಪ್ರಬಂಧವಾಗಿ ಹೊರಬಂತು. 1810ರಲ್ಲಿ ಮೂಲ ಗ್ರಂಥ 'ಆರ್ಗನಾನ್' ಪ್ರಕಟವಾಯಿತು. ಪ್ರಚಲಿತ ವೈದ್ಯಕ್ಕೆ 'ಅಲೋಪತಿ' ಎಂಬ ಹೆಸರಿಟ್ಟವನೂ ಹಾನಿಮನ್ನೇ. ಈತ 1843ರಲ್ಲಿ ಪ್ಯಾರಿಸ್‌ನಲ್ಲಿ ನಿಧನನಾದ.

ಈ ಪದ್ಧತಿಯ ಎರಡನೆಯ ತತ್ವ ಔಷಧಿಯನ್ನು ಹಂತ ಹಂತವಾಗಿ ತೆಳುಗೊಳಿಸುವುದು. ಗಿಡಮೂಲಿಕೆಯಿಂದ ಮದ್ಯಸಾರದಲ್ಲಿ ತೆಗೆದ ಮೂಲ ಅರ್ಕಕ್ಕೆ 'ಮದರ್ ಟಿಂಕ್ಚರ್' ಎಂದು ಹೆಸರು. ಇದರ ಒಂದು ಭಾಗಕ್ಕೆ 99 ಭಾಗ ಮದ್ಯಸಾರ ಸೇರಿಸಿ ನಿರ್ದಿಷ್ಟ ರೀತಿಯಲ್ಲಿ ಕುಲುಕಿದರೆ '1 ಸಿ' ಪೊಟೆನ್ಸಿ. ಅದರ ಒಂದು ಭಾಗವನ್ನು ಮತ್ತೆ 99 ಭಾಗದಲ್ಲಿ ಬೆರೆಸಿದರೆ '2 ಸಿ'. ಹತ್ತರ ಲೆಕ್ಕದಲ್ಲಿ ತೆಳುಗೊಳಿಸಿದರೆ ಅದು 'ಎಕ್ಸ್' ಶ್ರೇಣಿ. ದ್ರವದಲ್ಲಿ ಕರಗದ ಲೋಹ, ಖನಿಜಗಳನ್ನು ಹಾಲಿನ ಸಕ್ಕರೆಯೊಂದಿಗೆ ಅರೆಯಲಾಗುತ್ತದೆ. ಕೊನೆಗೆ ಸಿದ್ಧವಾದ ದ್ರವವನ್ನು ಸಕ್ಕರೆ ಗುಳಿಗೆಗಳಿಗೆ ಹಾಕಿ ರೋಗಿಗೆ ನೀಡುತ್ತಾರೆ.

ವಿಜ್ಞಾನಿಗಳ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ಸಾಮಾನ್ಯವಾಗಿ ಬಳಕೆಯಲ್ಲಿರುವ '30 ಸಿ' ಪೊಟೆನ್ಸಿಯಲ್ಲಿ ಮೂಲ ವಸ್ತುವಿನ ಪ್ರಮಾಣ, ಒಂದರ ಮುಂದೆ 60 ಸೊನ್ನೆ ಬರೆದಾಗ ಬರುವ ಸಂಖ್ಯೆಯಲ್ಲಿ ಒಂದು ಪಾಲು. ರಸಾಯನಶಾಸ್ತ್ರದ ಲೆಕ್ಕಾಚಾರದಂತೆ ಸುಮಾರು '12 ಸಿ' ದಾಟಿದ ಬಳಿಕ ಮೂಲ ವಸ್ತುವಿನ ಒಂದು ಅಣುವೂ ಸೀಸೆಯಲ್ಲಿ ಉಳಿದಿರುವ ಸಂಭವ ಅತ್ಯಲ್ಪ. ತೆಳುಗೊಳಿಸಿ ಕುಲುಕಿದಷ್ಟೂ ಔಷಧಿಯ ಶಕ್ತಿ ಹೆಚ್ಚುತ್ತದೆ ಎಂಬುದು ಹೋಮಿಯೋಪತಿಯ ನಂಬಿಕೆಯಾದರೆ, ಇದು ಭೌತ ಮತ್ತು ರಸಾಯನಶಾಸ್ತ್ರದ ಸ್ಥಾಪಿತ ತಿಳಿವಳಿಕೆಗೆ ವಿರುದ್ಧ ಎಂಬುದು ವಿಜ್ಞಾನಿಗಳ ವಾದ.

ಲಾಹೋರಿನಿಂದ ಕಂಕನಾಡಿಗೆ

ಭಾರತಕ್ಕೆ ಹೋಮಿಯೋಪತಿ ಬಂದದ್ದು ಹಾನಿಮನ್ ಬದುಕಿದ್ದಾಗಲೇ. ಟ್ರಾನ್ಸಿಲ್ವೇನಿಯಾದ ವೈದ್ಯ ಜಾನ್ ಮಾರ್ಟಿನ್ ಹೋನಿಗ್‌ಬರ್ಗರ್ 1839ರಲ್ಲಿ ಲಾಹೋರಿನಲ್ಲಿ ಮಹಾರಾಜ ರಣಜಿತ್ ಸಿಂಗ್‌ಗೆ ಚಿಕಿತ್ಸೆ ನೀಡಿದ್ದು ದಾಖಲಾಗಿದೆ. ಆದರೆ ಪದ್ಧತಿ ಬೇರೂರಿದ್ದು ಬಂಗಾಳದಲ್ಲಿ. ಕಲ್ಕತ್ತಾದ ಹೆಸರಾಂತ ಅಲೋಪತಿ ವೈದ್ಯರಾಗಿದ್ದ ಡಾ. ಮಹೇಂದ್ರಲಾಲ್ ಸರ್ಕಾರ್ 1867ರಲ್ಲಿ ಬಹಿರಂಗವಾಗಿ ಹೋಮಿಯೋಪತಿಯ ಪರ ನಿಂತರು. ಭಾರತೀಯ ವಿಜ್ಞಾನ ಕೃಷಿ ಸಂಘವನ್ನು 1876ರಲ್ಲಿ ಸ್ಥಾಪಿಸಿದವರೂ ಇವರೇ ಎಂಬುದು ಗಮನಾರ್ಹ. 1881ರಲ್ಲಿ ಕಲ್ಕತ್ತಾದಲ್ಲಿ ಹೋಮಿಯೋಪತಿ ಕಾಲೇಜು ಆರಂಭವಾಯಿತು.

ಕನ್ನಡ ನಾಡಿನ ಮಟ್ಟಿಗೆ ಈ ಕಥೆ ಶುರುವಾಗುವುದು ಮಂಗಳೂರಿನ ಕಂಕನಾಡಿಯಲ್ಲಿ. ಜರ್ಮನಿ ಮೂಲದ ಜೆಸ್ವಿಟ್ ಪಾದ್ರಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಅಲ್ಲಿ ಆಲದ ಮರದಡಿ ಹೋಮಿಯೋಪತಿ ಔಷಧಿ ಹಂಚಲು ಆರಂಭಿಸಿದರೆಂದು ಹೇಳಲಾಗುತ್ತದೆ. 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ಬಂತು. ಬಡವರ ಔಷಧಾಲಯವಾಗಿ ಹುಟ್ಟಿದ ಈ ಸಂಸ್ಥೆ ಇಂದು ಅಲೋಪತಿ ವೈದ್ಯಕೀಯ ಕಾಲೇಜನ್ನೂ ಹೋಮಿಯೋಪತಿ ಕಾಲೇಜನ್ನೂ ನಡೆಸುತ್ತಿದೆ. ಹೋಮಿಯೋಪತಿ ಔಷಧಿಗಳನ್ನು ತಯಾರಿಸುವ ಘಟಕವೂ ಅದಕ್ಕಿದೆ. ಬೆಂಗಳೂರಿನಲ್ಲಿ ಸರಕಾರಿ ಹೋಮಿಯೋಪತಿ ವೈದ್ಯಕೀಯ ಕಾಲೇಜು ಇದ್ದರೆ, ಧಾರವಾಡ, ಬೆಳಗಾವಿ, ಮೂಡುಬಿದಿರೆ ಮುಂತಾದೆಡೆ ಖಾಸಗಿ ಕಾಲೇಜುಗಳಿವೆ.

ಕಾನೂನಿನ ಮೆಟ್ಟಿಲುಗಳು

ಮಾನ್ಯತೆ ಒಂದೇ ದಿನದಲ್ಲಿ ಬಂದದ್ದಲ್ಲ. ಹೋಮಿಯೋಪತಿಗೆ ಮನ್ನಣೆ ನೀಡಬೇಕೆಂಬ ನಿರ್ಣಯ ಕೇಂದ್ರ ಶಾಸನಸಭೆಯಲ್ಲಿ ಅಂಗೀಕಾರವಾದದ್ದು 1937ರಲ್ಲಿ. ಮೈಸೂರು ರಾಜ್ಯದಲ್ಲಿ 1961ರಲ್ಲೇ ಹೋಮಿಯೋಪತಿ ವೈದ್ಯರ ಕಾಯ್ದೆ ಬಂತು. ಅದೇ ಈಗಿನ ಕರ್ನಾಟಕ ಹೋಮಿಯೋಪತಿ ವೈದ್ಯರ ಕಾಯ್ದೆ. ಔಷಧಿಗಳ ಗುಣಮಟ್ಟ ನಿಗದಿಪಡಿಸಲು 1962ರಲ್ಲಿ ಸಮಿತಿ ರಚನೆಯಾಗಿ, 1971ರಲ್ಲಿ ಭಾರತೀಯ ಹೋಮಿಯೋಪತಿ ಔಷಧಿ ಸಂಹಿತೆಯ ಮೊದಲ ಸಂಪುಟ ಹೊರಬಂತು. 1973ರಲ್ಲಿ ಸಂಸತ್ತು ಹೋಮಿಯೋಪತಿ ಕೇಂದ್ರ ಪರಿಷತ್ ಕಾಯ್ದೆಯನ್ನು ಅಂಗೀಕರಿಸಿತು. ಕೋಲ್ಕತ್ತಾದ ರಾಷ್ಟ್ರೀಯ ಹೋಮಿಯೋಪತಿ ಸಂಸ್ಥೆ 1975ರಲ್ಲಿ, ಪ್ರತ್ಯೇಕ ಸಂಶೋಧನಾ ಪರಿಷತ್ತು 1978ರಲ್ಲಿ ಅಸ್ತಿತ್ವಕ್ಕೆ ಬಂದವು.

1995ರಲ್ಲಿ ಕೇಂದ್ರ ಸರಕಾರ ಭಾರತೀಯ ವೈದ್ಯಪದ್ಧತಿ ಹಾಗೂ ಹೋಮಿಯೋಪತಿಗೆ ಪ್ರತ್ಯೇಕ ಇಲಾಖೆ ತೆರೆಯಿತು. 2003ರಲ್ಲಿ ಅದಕ್ಕೆ 'ಆಯುಷ್' ಎಂದು ನಾಮಕರಣವಾಯಿತು. 2014ರ ನವೆಂಬರ್‌ನಲ್ಲಿ ಇಲಾಖೆ ಸಚಿವಾಲಯವಾಯಿತು. 1973ರ ಕಾಯ್ದೆಯ ಜಾಗಕ್ಕೆ 2020ರ ರಾಷ್ಟ್ರೀಯ ಹೋಮಿಯೋಪತಿ ಆಯೋಗ ಕಾಯ್ದೆ ಬಂದು, 2021ರ ಜುಲೈನಲ್ಲಿ ಆಯೋಗ ರಚನೆಯಾಯಿತು. ಇಂದು ದೇಶದಲ್ಲಿ 200ಕ್ಕೂ ಹೆಚ್ಚು ಹೋಮಿಯೋಪತಿ ಕಾಲೇಜುಗಳಿವೆ. ನೋಂದಾಯಿತ ಹೋಮಿಯೋಪತಿ ವೈದ್ಯರ ಸಂಖ್ಯೆ ಎರಡೂವರೆ ಲಕ್ಷಕ್ಕೂ ಅಧಿಕ.

ಈ ಎಲ್ಲ ಕಾನೂನುಗಳಲ್ಲಿ ಒಂದು ಅಂಶ ಸ್ಪಷ್ಟ. ಅವು ಮುಖ್ಯವಾಗಿ ವೈದ್ಯರ ಶಿಕ್ಷಣ ಮತ್ತು ನೋಂದಣಿಗೆ ಸಂಬಂಧಿಸಿದವು. ಔಷಧಿ ವಿತರಕರು ಅವುಗಳ ವ್ಯಾಪ್ತಿಯೊಳಗೆ ಬರಲಿಲ್ಲ.

ಕಾರ್ಖಾನೆಗೆ ಪದವಿ, ಅಂಗಡಿಗೆ ಅನುಭವ

ಹೋಮಿಯೋಪತಿ ಔಷಧಿಗಳ ತಯಾರಿಕೆ ಹಾಗೂ ಮಾರಾಟ 1940ರ ಔಷಧಿ ಮತ್ತು ಕಾಂತಿವರ್ಧಕ ಕಾಯ್ದೆ ಮತ್ತು ಅದರಡಿ ರಚಿತವಾದ 1945ರ ನಿಯಮಾವಳಿಗೆ ಒಳಪಟ್ಟಿದೆ. ಆರೋಗ್ಯವಂತರ ಮೇಲೆ ನಡೆಸಿದ ಪ್ರಯೋಗಗಳಲ್ಲಿ ದಾಖಲಾದ, ಅಥವಾ ದೀರ್ಘಕಾಲದ ಚಿಕಿತ್ಸಾನುಭವದಿಂದ ಅಧಿಕೃತ ಗ್ರಂಥಗಳಲ್ಲಿ ಸೇರಿದ, ಹೋಮಿಯೋಪತಿ ವಿಧಾನದಲ್ಲೇ ಸಿದ್ಧವಾದ ಔಷಧಿ ಎಂದು ನಿಯಮಗಳು ಇದನ್ನು ವ್ಯಾಖ್ಯಾನಿಸುತ್ತವೆ. ಚುಚ್ಚುಮದ್ದಿನ ರೂಪದಲ್ಲಿ ನೀಡುವ ಔಷಧಿ ಈ ವ್ಯಾಖ್ಯಾನದಿಂದ ಹೊರಗೆ. ಅಂದರೆ ಹೊಸ ಅಲೋಪತಿ ಔಷಧಿ ಮಾರುಕಟ್ಟೆಗೆ ಬರುವ ಮುನ್ನ ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಗೆಲ್ಲಬೇಕಾದರೆ, ಇಲ್ಲಿ ಗ್ರಂಥದ ಆಧಾರವನ್ನೂ ಕಾನೂನು ಒಪ್ಪುತ್ತದೆ.

ತಯಾರಿಕೆಯ ಮಟ್ಟಿಗೆ ನಿಯಮ ಬಿಗಿಯಾಗಿಯೇ ಇದೆ. ಘಟಕದಲ್ಲಿ ಪೂರ್ಣಾವಧಿಯ ತಾಂತ್ರಿಕ ಸಿಬ್ಬಂದಿ ಇರಬೇಕು. ಅವರು ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವೀಧರರಾಗಿದ್ದು ಹೋಮಿಯೋಪತಿ ಔಷಧಿ ತಯಾರಿಕೆಯಲ್ಲಿ 3 ವರ್ಷ ಅನುಭವ ಹೊಂದಿರಬೇಕು. ಇಲ್ಲವೇ ಫಾರ್ಮಸಿ ಪದವಿ ಅಥವಾ ಮಾನ್ಯತೆ ಪಡೆದ ಹೋಮಿಯೋಪತಿ ವೈದ್ಯಕೀಯ ಅರ್ಹತೆಯೊಂದಿಗೆ 18 ತಿಂಗಳ ಅನುಭವ ಇರಬೇಕು. ಕಟ್ಟಡ, ಉಪಕರಣ, ಸ್ವಚ್ಛತೆಗೆ ಪ್ರತ್ಯೇಕ ಅನುಸೂಚಿಯೇ ಇದೆ.

ಆದರೆ ಚಿಲ್ಲರೆ ಅಂಗಡಿಗೆ ಬಂದಾಗ ಚಿತ್ರ ಬದಲಾಗುತ್ತದೆ. ಚಿಲ್ಲರೆ ಮಾರಾಟಕ್ಕೆ ನಮೂನೆ 20-ಸಿ, ಸಗಟು ಮಾರಾಟಕ್ಕೆ ನಮೂನೆ 20-ಡಿ ಪರವಾನಗಿ ಬೇಕು. ಚಿಲ್ಲರೆ ಅಂಗಡಿಯ ಉಸ್ತುವಾರಿ ವಹಿಸುವವರು ಹೋಮಿಯೋಪತಿ ಔಷಧಿಗಳ ವ್ಯವಹಾರದಲ್ಲಿ ತೊಡಗಿರುವವರು ಅಥವಾ ಹಿಂದೆ ತೊಡಗಿದ್ದವರಾಗಿರಬೇಕು ಮತ್ತು ಪರವಾನಗಿ ನೀಡುವ ಅಧಿಕಾರಿಯ ಅಭಿಪ್ರಾಯದಲ್ಲಿ ಸಮರ್ಥರಾಗಿರಬೇಕು ಎಂದಷ್ಟೇ ನಿಯಮ ಹೇಳುತ್ತದೆ. ಡಿಪ್ಲೊಮಾ, ಪದವಿ ಅಥವಾ ಪರೀಕ್ಷೆಯ ಉಲ್ಲೇಖ ಅಲ್ಲಿಲ್ಲ.

ಇದನ್ನು ಪಕ್ಕದ ಅಲೋಪತಿ ಅಂಗಡಿಯೊಂದಿಗೆ ಹೋಲಿಸಿ ನೋಡಬಹುದು. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನಂತೆ ವೈದ್ಯರ ಚೀಟಿಯ ಮೇಲೆ ಔಷಧಿ ಬೆರೆಸಿ ಕೊಡುವ, ವಿತರಿಸುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ. ಈ ನೋಂದಣಿಗೆ ಪಿಯುಸಿ ವಿಜ್ಞಾನದ ನಂತರ ಎರಡು ವರ್ಷಗಳ ಡಿ.ಫಾರ್ಮ ಹಾಗೂ 500 ಗಂಟೆಗಳ ಪ್ರಾಯೋಗಿಕ ತರಬೇತಿ, ಇಲ್ಲವೇ ನಾಲ್ಕು ವರ್ಷಗಳ ಬಿ.ಫಾರ್ಮ ಮುಗಿಸಿರಬೇಕು. ಈ ನಿಯಮ ಪಾಲನೆಯಾಗದ ಅಂಗಡಿಗಳು ಇವೆ ಎಂಬ ದೂರು ಬೇರೆ ಮಾತು. ಅಲ್ಲಿ ನಿಯಮವಾದರೂ ಇದೆ. ಇಲ್ಲಿ ನಿಯಮವೇ ಸಡಿಲ.

ತರಗತಿಯಲ್ಲಿ ಎಷ್ಟು?

ಹಾಗಾದರೆ ಫಾರ್ಮಸಿ ಓದಿದವರಿಗೆ ಹೋಮಿಯೋಪತಿ ಗೊತ್ತೇ? ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ 2020ರಲ್ಲಿ ರೂಪಿಸಿದ ಡಿ.ಫಾರ್ಮ ಪಠ್ಯಕ್ರಮದಲ್ಲಿ, ಔಷಧೀಯ ಸಸ್ಯಗಳ ವಿಷಯವಾದ ಫಾರ್ಮಕಾಗ್ನಸಿಯಡಿ ಆಯುರ್ವೇದ, ಸಿದ್ಧ, ಯುನಾನಿಗಳ ಜತೆ ಹೋಮಿಯೋಪತಿಯ ಮೂಲ ತತ್ವಗಳಿಗೂ ಜಾಗ ಕೊಡಲಾಗಿದೆ. ಬಿ.ಫಾರ್ಮ ಪಠ್ಯದಲ್ಲಿಯೂ ಅದೇ ವಿಷಯದ ಒಂದು ಘಟಕದಲ್ಲಿ ವಿವಿಧ ವೈದ್ಯಪದ್ಧತಿಗಳ ಸಾಲಿನಲ್ಲಿ ಹೋಮಿಯೋಪತಿ ಬರುತ್ತದೆ. ಇದು ಪರಿಚಯ ಮಾತ್ರ. ಪೊಟೆನ್ಸಿಯ ಲೆಕ್ಕ, ಮೂಲ ಅರ್ಕದ ವಿಷಗುಣ, ಸೀಸೆಯಲ್ಲಿನ ಮದ್ಯಸಾರದ ಪ್ರಮಾಣ ಮುಂತಾದವುಗಳಲ್ಲಿ ನುರಿತ ಕೈ ತಯಾರಾಗಲು ಇದು ಸಾಲದು.

ಹೋಮಿಯೋಪತಿ ವೈದ್ಯರ ವಿಷಯ ಬೇರೆ. ನೀಟ್ ಪರೀಕ್ಷೆಯ ಮೂಲಕ ಪ್ರವೇಶ ಪಡೆಯುವ ಬಿ.ಎಚ್.ಎಂ.ಎಸ್. ಪದವಿ, ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಗಳದ್ದು. ಇದರ ಮೊದಲ ಹಂತದಲ್ಲೇ 'ಹೋಮಿಯೋಪತಿ ಫಾರ್ಮಸಿ' ಒಂದು ಪೂರ್ಣ ವಿಷಯ. ಮೂಲ ಅರ್ಕ ತೆಗೆಯುವುದು, ಅರೆಯುವುದು, ಕುಲುಕುವುದು, ಗುಳಿಗೆಗೆ ಔಷಧಿ ಹಾಕುವುದು, ಸಂಬಂಧಿತ ಕಾನೂನು ಎಲ್ಲವನ್ನೂ ವಿದ್ಯಾರ್ಥಿ ಕಲಿಯುತ್ತಾನೆ. ಇದೇ ವಿಷಯದಲ್ಲಿ ಎಂ.ಡಿ. ಮಾಡುವ ಅವಕಾಶವೂ ಇದೆ.

ವಿಪರ್ಯಾಸವೆಂದರೆ, ವೈದ್ಯರು ತಾವು ಚಿಕಿತ್ಸೆ ನೀಡುವ ಜಾಗದಲ್ಲಿ ಪರವಾನಗಿಯ ಅಂಗಡಿ ನಡೆಸುವಂತಿಲ್ಲ ಎಂದು ಔಷಧಿ ನಿಯಮಗಳು ಹೇಳುತ್ತವೆ. ಚೀಟಿ ಬರೆಯುವವರು ಮತ್ತು ಮಾರುವವರು ಬೇರೆಯಾಗಿರಬೇಕು ಎಂಬ ಉದ್ದೇಶ ಒಳ್ಳೆಯದೇ. ಆದರೆ ಹೀಗೆ ಬೇರ್ಪಡಿಸಿದ ಮೇಲೆ ಮಾರುವವರಿಗೆ ಯಾವ ಶಿಕ್ಷಣ ಎಂಬುದನ್ನು ಯಾರೂ ನಿಗದಿ ಮಾಡಲಿಲ್ಲ.

ಕೆಲವು ರಾಜ್ಯಗಳು ತಮ್ಮದೇ ದಾರಿ ಹಿಡಿದಿವೆ. ಕೇರಳದಲ್ಲಿ ತಿರುವನಂತಪುರ ಮತ್ತು ಕೋಯಿಕ್ಕೋಡ್‌ನ ಸರಕಾರಿ ಹೋಮಿಯೋಪತಿ ಕಾಲೇಜುಗಳು ಔಷಧಿ ವಿತರಕರಿಗಾಗಿಯೇ ಹೋಮಿಯೋಪತಿ ಫಾರ್ಮಸಿಯ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತವೆ. ಆಲಪ್ಪುಳದಲ್ಲಿ ಹೋಮಿಯೋಪತಿ ಔಷಧಿ ತಯಾರಿಕೆಗಾಗಿಯೇ ಸಹಕಾರಿ ಸಂಸ್ಥೆ ಇದೆ. ಆದರೆ ಇಡೀ ದೇಶಕ್ಕೆ ಅನ್ವಯಿಸುವ ಒಂದು ಪಠ್ಯಕ್ರಮ, ಒಂದು ನೋಂದಣಿ ಪುಸ್ತಕ ಇಲ್ಲ.

ಈ ಕೊರತೆ ಸರಕಾರಕ್ಕೆ ತಿಳಿಯದ್ದಲ್ಲ. ಭಾರತೀಯ ವೈದ್ಯಪದ್ಧತಿ ಮತ್ತು ಹೋಮಿಯೋಪತಿ ಫಾರ್ಮಸಿ ಮಸೂದೆಯನ್ನು 2005ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಲಾಗಿತ್ತು. ಈ ಪದ್ಧತಿಗಳ ಫಾರ್ಮಸಿ ಶಿಕ್ಷಣವನ್ನು ನಿಯಂತ್ರಿಸಲು ಕೇಂದ್ರ ಪರಿಷತ್ತೊಂದನ್ನು ರಚಿಸುವುದು ಅದರ ಉದ್ದೇಶವಾಗಿತ್ತು. ಮಸೂದೆ ಕಾನೂನಾಗಲೇ ಇಲ್ಲ.

ಸರಕಾರಿ ಆಸ್ಪತ್ರೆಗಳಲ್ಲಿ

ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಹೋಮಿಯೋಪತಿಯ ಪಾಲು ಹೆಚ್ಚಿದ್ದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ 2005ರ ನಂತರ. ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಆಯುಷ್ ವೈದ್ಯರನ್ನೂ ಒಂದೇ ಸೂರಿನಡಿ ಕೂರಿಸುವ ನೀತಿ ಆಗ ಜಾರಿಗೆ ಬಂತು. 2014ರ ರಾಷ್ಟ್ರೀಯ ಆಯುಷ್ ಮಿಷನ್ ಇದಕ್ಕೆ ಮತ್ತಷ್ಟು ಅನುದಾನ ಒದಗಿಸಿತು. ಕೇಂದ್ರ ಸರಕಾರಿ ನೌಕರರ ಆರೋಗ್ಯ ಯೋಜನೆಯಲ್ಲೂ ಹೋಮಿಯೋಪತಿ ಚಿಕಿತ್ಸಾಲಯಗಳಿವೆ. ಕರ್ನಾಟಕದ ಸರಕಾರಿ ಆಯುಷ್ ಚಿಕಿತ್ಸಾಲಯಗಳಲ್ಲಿ ಸಿಂಹಪಾಲು ಆಯುರ್ವೇದದ್ದು. ಹೋಮಿಯೋಪತಿಯದ್ದು ಸಣ್ಣ ಪಾಲು.

ಜನ ಇಲ್ಲಿಗೆ ಬರಲು ಕಾರಣಗಳಿವೆ. ಔಷಧಿ ಅಗ್ಗ. ವೈದ್ಯರು ರೋಗಿಯ ಮಾತನ್ನು ಬಹಳ ಹೊತ್ತು ಕೇಳುತ್ತಾರೆ. ಚರ್ಮದ ತೊಂದರೆ, ಅಲರ್ಜಿ, ಕೀಲುನೋವು ಮುಂತಾಗಿ ವರ್ಷಗಟ್ಟಲೆ ಕಾಡುವ ಕಾಯಿಲೆಗಳಲ್ಲಿ ಬೇರೆ ದಾರಿ ಕಾಣದವರು ಸಮಾಧಾನ ಪಡೆಯುತ್ತಾರೆ. ಸಿಹಿ ಗುಳಿಗೆ ನುಂಗಲು ಮಕ್ಕಳು ಹಟ ಮಾಡುವುದಿಲ್ಲ. ಹಳ್ಳಿಗಳಲ್ಲಿ ಎಂ.ಬಿ.ಬಿ.ಎಸ್. ವೈದ್ಯರ ಕೊರತೆ ಇರುವಾಗ ಆಯುಷ್ ವೈದ್ಯರೇ ಆಸರೆಯಾಗಿರುವ ಉದಾಹರಣೆಗಳೂ ಉಂಟು.

ಇದೇ ಕೊರತೆ ಮತ್ತೊಂದು ಗೊಂದಲಕ್ಕೂ ಕಾರಣವಾಗಿದೆ. ಹೋಮಿಯೋಪತಿ ಓದಿದವರು ಅಲೋಪತಿ ಔಷಧಿ ಬರೆಯಬಹುದೇ? ಹೋಮಿಯೋಪತಿ ವೈದ್ಯರೊಬ್ಬರು ಅಲೋಪತಿ ಔಷಧಿ ನೀಡಿದ ರೋಗಿಯ ಸಾವಿನ ಪ್ರಕರಣದಲ್ಲಿ, ತಾನು ಓದದ ಪದ್ಧತಿಯಲ್ಲಿ ಚಿಕಿತ್ಸೆ ನೀಡುವುದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪಿತ್ತಿತು. ಆಯುಷ್ ವೈದ್ಯರಿಗೆ 'ಸೇತು ಕೋರ್ಸ್' ಮೂಲಕ ಅಲೋಪತಿ ಔಷಧಿ ಬರೆಯುವ ಅವಕಾಶ ನೀಡುವ ಪ್ರಸ್ತಾವ ರಾಷ್ಟ್ರೀಯ ವೈದ್ಯಕೀಯ ಆಯೋಗದ 2017ರ ಮಸೂದೆಯಲ್ಲಿತ್ತು. ವಿರೋಧದ ನಂತರ 2018ರಲ್ಲಿ ಅದನ್ನು ಕೈಬಿಡಲಾಯಿತು. ಮಹಾರಾಷ್ಟ್ರ ಮಾತ್ರ 2014ರಲ್ಲಿ ಕಾನೂನು ತಿದ್ದುಪಡಿ ಮಾಡಿ, ಆಧುನಿಕ ಔಷಧಶಾಸ್ತ್ರದ ಒಂದು ವರ್ಷದ ಕೋರ್ಸ್ ಮುಗಿಸಿದ ಹೋಮಿಯೋಪತಿ ವೈದ್ಯರಿಗೆ ಸೀಮಿತ ಅವಕಾಶ ನೀಡಿತು. ಇವರನ್ನು ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸುವ ಕ್ರಮದ ವಿರುದ್ಧ 2025ರಲ್ಲಿ ಭಾರತೀಯ ವೈದ್ಯಕೀಯ ಸಂಘ ಹೋರಾಟಕ್ಕಿಳಿಯಿತು.

ಪುರಾವೆ ಏನು ಹೇಳುತ್ತದೆ?

ಮಾನ್ಯತೆ ಬೇರೆ, ಪುರಾವೆ ಬೇರೆ. 'ದಿ ಲಾನ್ಸೆಟ್' ವೈದ್ಯಕೀಯ ಪತ್ರಿಕೆ 2005ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದು ಹೋಮಿಯೋಪತಿಯ 110 ಹಾಗೂ ಅಲೋಪತಿಯ 110 ಪ್ರಯೋಗಗಳನ್ನು ಹೋಲಿಸಿತು. ಹೋಮಿಯೋಪತಿಯ ಪರಿಣಾಮ 'ಪ್ಲಸೀಬೊ', ಅಂದರೆ ಔಷಧಿಯ ಅಂಶವಿಲ್ಲದ ತೋರಿಕೆಯ ಗುಳಿಗೆಯ ಪರಿಣಾಮಕ್ಕಿಂತ ಭಿನ್ನವಲ್ಲ ಎಂಬ ತೀರ್ಮಾನಕ್ಕೆ ಅದರ ಲೇಖಕರು ಬಂದರು. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಪರಿಷತ್ತು 61 ಬಗೆಯ ತೊಂದರೆಗಳ ಕುರಿತ 176 ಅಧ್ಯಯನಗಳನ್ನು ಪರಿಶೀಲಿಸಿ, ಯಾವುದೇ ಕಾಯಿಲೆಗೆ ಹೋಮಿಯೋಪತಿ ಪರಿಣಾಮಕಾರಿ ಎಂಬುದಕ್ಕೆ ನಂಬಲರ್ಹ ಪುರಾವೆ ಇಲ್ಲ ಎಂದು 2015ರಲ್ಲಿ ಹೇಳಿತು.

ಈ ಅಧ್ಯಯನಗಳ ವಿಧಾನವನ್ನು ಹೋಮಿಯೋಪತಿ ವೈದ್ಯರು ಪ್ರಶ್ನಿಸುತ್ತಾರೆ. ಒಂದೇ ರೋಗಕ್ಕೆ ಎಲ್ಲರಿಗೂ ಒಂದೇ ಔಷಧಿ ಎಂಬುದು ತಮ್ಮ ಪದ್ಧತಿಯಲ್ಲ. ವ್ಯಕ್ತಿಯ ಸ್ವಭಾವ, ಲಕ್ಷಣ ನೋಡಿ ಔಷಧಿ ಆರಿಸುವುದರಿಂದ ಅಲೋಪತಿಯ ಅಳತೆಗೋಲು ಇಲ್ಲಿ ಹೊಂದುವುದಿಲ್ಲ ಎಂಬುದು ಅವರ ವಾದ. ಆದರೆ ವ್ಯಕ್ತಿಗೆ ತಕ್ಕಂತೆ ಔಷಧಿ ಆರಿಸಿದ ನಂತರವೂ ಅದನ್ನು ತೋರಿಕೆಯ ಗುಳಿಗೆಯೊಂದಿಗೆ ಹೋಲಿಸಿ ಪರೀಕ್ಷಿಸಬಹುದು ಎಂದು ವಿಮರ್ಶಕರು ಉತ್ತರಿಸುತ್ತಾರೆ.

ಕೋವಿಡ್ ಸಂದರ್ಭದಲ್ಲಿ ಈ ಚರ್ಚೆ ಮನೆಮನೆಗೆ ಬಂತು. ಮುನ್ನೆಚ್ಚರಿಕೆಯಾಗಿ 'ಆರ್ಸೆನಿಕಂ ಆಲ್ಬಂ 30' ಔಷಧಿಯನ್ನು ಖಾಲಿ ಹೊಟ್ಟೆಯಲ್ಲಿ ಮೂರು ದಿನ ಸೇವಿಸಬಹುದು ಎಂದು ಆಯುಷ್ ಸಚಿವಾಲಯ 2020ರ ಜನವರಿ 29ರಂದು ಸಲಹೆ ನೀಡಿತು. ಆ ದಿನಗಳಲ್ಲಿ ಕೋವಿಡ್‌ಗೆ ಈ ಔಷಧಿಯನ್ನು ಪರೀಕ್ಷಿಸಿದ ಪ್ರಯೋಗವೇ ಇರಲಿಲ್ಲ. ಆದರೂ ಹಲವು ರಾಜ್ಯಗಳಲ್ಲಿ ಸೀಸೆಗಳ ಹಂಚಿಕೆ ನಡೆಯಿತು.

ಹೊರದೇಶಗಳ ದಾರಿ

ಬ್ರಿಟನ್‌ನಲ್ಲಿ ಸಾರ್ವಜನಿಕ ಹಣದಿಂದ ಹೋಮಿಯೋಪತಿಗೆ ನೆರವು ನೀಡುವುದನ್ನು ನಿಲ್ಲಿಸಬೇಕೆಂದು ಸಂಸದೀಯ ಸಮಿತಿ 2010ರಲ್ಲಿ ಶಿಫಾರಸು ಮಾಡಿತು. 2017ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ, ವೈದ್ಯರು ಇದನ್ನು ಬರೆಯಬಾರದೆಂದು ಸೂಚಿಸಿತು. ಇದನ್ನು ಪ್ರಶ್ನಿಸಿದ್ದ ಅರ್ಜಿಯನ್ನು 2018ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. ಫ್ರಾನ್ಸ್ ಸರಕಾರ ಹೋಮಿಯೋಪತಿ ಔಷಧಿಗಳಿಗೆ ನೀಡುತ್ತಿದ್ದ ಶೇ. 30ರ ಮರುಪಾವತಿಯನ್ನು 2020ರಲ್ಲಿ ಶೇ. 15ಕ್ಕೆ ಇಳಿಸಿ, 2021ರ ಜನವರಿ 1ರಿಂದ ಸಂಪೂರ್ಣ ರದ್ದುಪಡಿಸಿತು. ಜರ್ಮನಿಯ ವೈದ್ಯರ ಮಹಾಸಭೆ 2022ರಲ್ಲಿ ತನ್ನ ಮಾದರಿ ತರಬೇತಿ ನಿಯಮಗಳಿಂದ ಹೋಮಿಯೋಪತಿಯನ್ನು ಕೈಬಿಟ್ಟಿತು. ಇದಕ್ಕೆ ವ್ಯತಿರಿಕ್ತವಾಗಿ ಸ್ವಿಟ್ಜರ್ಲೆಂಡಿನಲ್ಲಿ ವೈದ್ಯರು ನೀಡುವ ಹೋಮಿಯೋಪತಿ ಚಿಕಿತ್ಸೆಗೆ 2017ರಿಂದ ಮೂಲ ಆರೋಗ್ಯ ವಿಮೆಯ ಸೌಲಭ್ಯ ಮುಂದುವರಿದಿದೆ.

ಇಲ್ಲಿ ಭಾರತಕ್ಕೆ ಪಾಠವಾಗಬಹುದಾದ ಇನ್ನೊಂದು ಅಂಶವಿದೆ. ಫ್ರಾನ್ಸ್, ಜರ್ಮನಿಗಳಲ್ಲಿ ಹೋಮಿಯೋಪತಿ ಔಷಧಿ ಸಿಗುವುದು ಬಹುಮಟ್ಟಿಗೆ ಸಾಮಾನ್ಯ ಫಾರ್ಮಸಿಗಳಲ್ಲೇ. ಕೌಂಟರಿನ ಹಿಂದೆ ವಿಶ್ವವಿದ್ಯಾಲಯದಲ್ಲಿ ಓದಿದ ಫಾರ್ಮಸಿಸ್ಟ್ ಇರುತ್ತಾರೆ. ಗುಳಿಗೆಯ ಬಗ್ಗೆ ಅವರ ಸ್ವಂತ ಅಭಿಪ್ರಾಯ ಏನೇ ಇರಲಿ, ಎದುರಿಗಿರುವ ಗ್ರಾಹಕನ ಕೆಮ್ಮು ಕ್ಷಯದ ಲಕ್ಷಣವಿರಬಹುದು ಎಂದು ಅನುಮಾನಿಸಿ ಆಸ್ಪತ್ರೆಗೆ ಕಳುಹಿಸುವಷ್ಟು ತಿಳಿವಳಿಕೆ ಅವರಿಗಿರುತ್ತದೆ.

ಅಪಾಯ ಎಲ್ಲಿ?

ಹೋಮಿಯೋಪತಿಯಿಂದ ಅಡ್ಡಪರಿಣಾಮವೇ ಇಲ್ಲ ಎಂಬ ಮಾತು ವ್ಯಾಪಕವಾಗಿದೆ. ಹೆಚ್ಚು ತೆಳುಗೊಳಿಸಿದ ಔಷಧಿಗಳ ಮಟ್ಟಿಗೆ ಇದು ಬಹುತೇಕ ನಿಜ. ಆದರೆ ಮೂಲ ಅರ್ಕಗಳು ಮತ್ತು ಕಡಿಮೆ ಪೊಟೆನ್ಸಿಯ ಔಷಧಿಗಳ ವಿಷಯ ಹಾಗಲ್ಲ. ವತ್ಸನಾಭಿ, ಕಾಸರಕ, ಬೆಲ್ಲಡೋನ, ಪಾಷಾಣ ಇವೆಲ್ಲ ಈ ಪದ್ಧತಿಯ ಕಚ್ಚಾ ವಸ್ತುಗಳು, ಎಲ್ಲವೂ ವಿಷ. ಅಮೆರಿಕದಲ್ಲಿ ಹಲ್ಲು ಹುಟ್ಟುವ ಮಕ್ಕಳಿಗೆಂದು ಮಾರಲಾಗುತ್ತಿದ್ದ ಹೋಮಿಯೋಪತಿ ಮಾತ್ರೆಗಳಲ್ಲಿ ಬೆಲ್ಲಡೋನದ ಪ್ರಮಾಣ ಏರುಪೇರಾಗಿರುವುದನ್ನು ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ 2017ರಲ್ಲಿ ಪತ್ತೆಹಚ್ಚಿತ್ತು.

ಎರಡನೆಯದು ಮದ್ಯಸಾರ. ಶೇ. 12ಕ್ಕಿಂತ ಹೆಚ್ಚು ಮದ್ಯಸಾರವಿರುವ ಹೋಮಿಯೋಪತಿ ಔಷಧಿಯನ್ನು 30 ಮಿಲಿ ಲೀಟರ್‌ಗಿಂತ ದೊಡ್ಡ ಸೀಸೆಯಲ್ಲಿ ಮಾರುವಂತಿಲ್ಲ. ಆಸ್ಪತ್ರೆಗಳಿಗೆ ಮಾತ್ರ 100 ಮಿಲಿ ಲೀಟರ್‌ವರೆಗೆ ವಿನಾಯಿತಿ ಇದೆ. ಸಗಟು ವ್ಯಾಪಾರಿ ಇಂತಹ ಔಷಧಿಗಳ ಖರೀದಿ, ಮಾರಾಟದ ಲೆಕ್ಕ ಇಡಬೇಕು. ಈ ನಿಯಮದ ಹಿಂದಿನ ಕಾಳಜಿ ಏನೆಂಬುದನ್ನು ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಘಟನೆ ತೋರಿಸುತ್ತದೆ. 2021ರ ಮೇ ತಿಂಗಳಲ್ಲಿ ಅಲ್ಲಿನ ಗ್ರಾಮವೊಂದರಲ್ಲಿ ಹೋಮಿಯೋಪತಿ ಔಷಧಿಯನ್ನು ಮದ್ಯದ ಬದಲು ಕುಡಿದ ಹಲವರು ಸಾವನ್ನಪ್ಪಿದರು. ಅದರಲ್ಲಿ ಶೇ. 90ಕ್ಕೂ ಹೆಚ್ಚು ಮದ್ಯಸಾರವಿತ್ತೆಂದು ಅಧಿಕಾರಿಗಳು ಆಗ ತಿಳಿಸಿದ್ದರು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ವಿಳಂಬ. ಎಚ್‌ಐವಿ, ಕ್ಷಯ, ಮಲೇರಿಯಾ, ಇನ್‌ಫ್ಲುಯೆಂಜಾ ಹಾಗೂ ಶಿಶುಗಳ ಅತಿಸಾರಕ್ಕೆ ಹೋಮಿಯೋಪತಿಯನ್ನು ಅವಲಂಬಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2009ರಲ್ಲಿ ಎಚ್ಚರಿಸಿದ್ದರು. ಗುಳಿಗೆ ಹಾನಿ ಮಾಡದಿರಬಹುದು. ಗುಳಿಗೆ ನಂಬಿ ಕಳೆದ ದಿನಗಳು ಹಾನಿ ಮಾಡುತ್ತವೆ. ಇನ್ಸುಲಿನ್, ರಕ್ತದೊತ್ತಡದ ಮಾತ್ರೆ, ಕ್ಷಯದ ಔಷಧಿಗಳನ್ನು ಮಧ್ಯದಲ್ಲಿ ನಿಲ್ಲಿಸುವುದು ಪ್ರಾಣಕ್ಕೇ ಸಂಚಕಾರ ತರಬಲ್ಲದು. ಇದನ್ನು ರೋಗಿಗೆ ಹೇಳಬೇಕಾದ ಕೊನೆಯ ವ್ಯಕ್ತಿ ಔಷಧಿ ಕೈಗಿಡುವವನು. ಆತ ಹೇಳಬೇಕಾದರೆ ಮೊದಲು ಆತನಿಗೆ ಯಾರಾದರೂ ಕಲಿಸಿರಬೇಕು.

ಗ್ರಾಹಕರು ಗಮನಿಸಬೇಕಾದದ್ದು

* ಲೇಬಲ್ ಮೇಲೆ 'ಹೋಮಿಯೋಪತಿ ಔಷಧಿ' ಎಂಬ ಪದ, ಔಷಧಿಯ ಹೆಸರು, ಪೊಟೆನ್ಸಿ, ತಯಾರಕರ ಹೆಸರು ಹಾಗೂ ಮದ್ಯಸಾರವಿದ್ದರೆ ಅದರ ಶೇಕಡಾವಾರು ಪ್ರಮಾಣ ಇರಬೇಕು.

* ಒಂದೇ ಮೂಲವಸ್ತುವಿನಿಂದ ತಯಾರಾದ ಹೋಮಿಯೋಪತಿ ಔಷಧಿಗೆ ಕಂಪೆನಿಯ ಸ್ವಂತ ಬ್ರ್ಯಾಂಡ್ ಹೆಸರಿಡುವಂತಿಲ್ಲ.

* ಹೆಸರಿಲ್ಲದ ಸೀಸೆಯಲ್ಲಿ ಔಷಧಿ ಕೊಟ್ಟರೆ ಅದರ ಹೆಸರನ್ನೂ ಪೊಟೆನ್ಸಿಯನ್ನೂ ಬರೆಸಿಕೊಳ್ಳಬೇಕು. ತುರ್ತು ಸಂದರ್ಭದಲ್ಲಿ ಮತ್ತೊಬ್ಬ ವೈದ್ಯರಿಗೆ ಈ ಮಾಹಿತಿ ಅಗತ್ಯ.

* ಸಕ್ಕರೆ ಕಾಯಿಲೆ ಇರುವವರು ಗುಳಿಗೆಯಲ್ಲಿ ಸಕ್ಕರೆ ಇರುವುದನ್ನು, ಗರ್ಭಿಣಿಯರು ಮತ್ತು ಮಕ್ಕಳ ಪೋಷಕರು ದ್ರವ ಔಷಧಿಯಲ್ಲಿ ಮದ್ಯಸಾರ ಇರುವುದನ್ನು ಮರೆಯಬಾರದು.

* ಕ್ಯಾನ್ಸರ್, ಮಧುಮೇಹ ಮುಂತಾದ ರೋಗಗಳನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ನಿಷೇಧಿಸಿದೆ. ಯಾವ ಪದ್ಧತಿಯ ಔಷಧಿಗೂ ಇದರಿಂದ ವಿನಾಯಿತಿ ಇಲ್ಲ.

* ಮೂರು ದಿನ ಮೀರಿದ ಜ್ವರ, ಎರಡು ವಾರ ಮೀರಿದ ಕೆಮ್ಮು, ಎದೆನೋವು, ಮಗುವಿನ ನಿತ್ರಾಣ, ರಕ್ತಸ್ರಾವ ಕಂಡರೆ ಮೊದಲು ಆಸ್ಪತ್ರೆಗೆ ಹೋಗಬೇಕು.

ಹೋಮಿಯೋಪತಿ ಬೇಕೇ ಬೇಡವೇ ಎಂಬ ಚರ್ಚೆ ಸದ್ಯಕ್ಕೆ ಮುಗಿಯುವಂಥದ್ದಲ್ಲ. ಆದರೆ ಮಾನ್ಯತೆ ನೀಡಿ, ಕಾಲೇಜು ತೆರೆದು, ಚಿಕಿತ್ಸಾಲಯಗಳಿಗೆ ತೆರಿಗೆದಾರರ ಹಣ ನೀಡುತ್ತಿರುವ ಸರಕಾರಕ್ಕೆ, ಔಷಧಿ ಯಾರ ಕೈಯಿಂದ ರೋಗಿಗೆ ತಲುಪುತ್ತದೆ ಎಂಬುದನ್ನು ನೋಡುವ ಹೊಣೆಯೂ ಇದೆ. ಪದ್ಧತಿಯನ್ನು ನಂಬುವವರಿಗೆ ಔಷಧಿಯ ಶುದ್ಧತೆಗಾಗಿ, ನಂಬದವರಿಗೆ ರೋಗಿಯ ಸುರಕ್ಷತೆಗಾಗಿ ತರಬೇತಿ ಪಡೆದ ವಿತರಕ ಬೇಕು. ಈ ಒಂದು ವಿಷಯದಲ್ಲಾದರೂ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯ ಇರಬೇಕಾಗಿಲ್ಲ. 2005ರ ಮಸೂದೆ ಕೇಳಿದ್ದ ಪ್ರಶ್ನೆಗೆ ಇನ್ನೂ ಉತ್ತರ ಬರಬೇಕಾಗಿದೆ.